ನೀರು ಮುಟ್ಟದ ಬಟ್ಟೆ

ಅತ್ತೆಯ ಅಂಗಳದ ತಂತಿಯ ಮೇಲೆ ಆ ನೀಲಿ ಬಟ್ಟೆ ಒಣಗುತ್ತಿದ್ದುದನ್ನು ನಾನು ನೋಡಿದೆನೋ ಇಲ್ಲವೋ, ಖಚಿತವಿಲ್ಲ. ನೋಡಿದಂತೆ ನೆನಪಿದೆ. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಕೆಳಗಿನ ಮಣ್ಣು ಕಪ್ಪಾಗಿತ್ತು, ಕಟ್ಟಿದ್ದ ಕರುವೊಂದು ಅದನ್ನು ಮೂಸಲು ಕತ್ತು ಚಾಚುತ್ತಿತ್ತು. ಆದರೆ ಆ ದಿನ ನೀನು ಅಕ್ಕಲಕೋಟಕ್ಕೆ ಬಂದೇ ಇರಲಿಲ್ಲ ಎನ್ನುತ್ತಾನೆ ಅಣ್ಣ. ಇರಬಹುದು. ಕರು ಬೇರೆ ಯಾವುದೋ ವರ್ಷದ್ದಿರಬಹುದು. ಇರುವುದು ಒಬ್ಬನೇ ಸಾಕ್ಷಿ, ಅದೂ ನೀನೇ ಆಗಿದ್ದರೆ ನಂಬಬೇಡ ಎಂಬುದೊಂದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತು. ಅದರಿಂದ ಉಪಯೋಗಕ್ಕಿಂತ ನಿದ್ದೆಗೇಡೇ ಹೆಚ್ಚು.

ಸೊಲ್ಲಾಪುರದಲ್ಲಿ ಅಣ್ಣನಿಗೆ ಮಗ್ಗಗಳ ಶೆಡ್ ಇತ್ತು. ಅಜ್ಜನ ಕಾಲದಿಂದ ಚಾದರ, ಅಪ್ಪನ ಕಾಲದಲ್ಲಿ ಟವೆಲ್ ಕೂಡ. ಅಣ್ಣನ ಕಾಲಕ್ಕೆ ಕೊಳ್ಳುವವರು ಕಡಿಮೆಯಾದರು. ಗುಜರಿಯವನು ಬಂದು ಮಗ್ಗಗಳನ್ನು ಕಣ್ಣಲ್ಲೇ ತೂಗಿ ಹೋಗಿದ್ದ. ಆಗಲೇ ಹೈದರಾಬಾದಿನ ದಲ್ಲಾಳಿಯೊಬ್ಬ ಬಂದ. ದೊಡ್ಡ ಪ್ರಯಾಣಿಕ ವಿಮಾನಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಮಾರಾಟವಾಗುವಾಗ ಅವುಗಳ ಒಳಭಾಗವನ್ನು ಹೊಸದು ಮಾಡುತ್ತಾರೆ. ಅದಕ್ಕೆ ಬೇಕಾದ ಸಾಮಾನು ಒದಗಿಸುವುದು ಇವನ ದಂಧೆ. ಸೀಟಿನ ಬಟ್ಟೆ ಪರದೇಶದಿಂದ ಬರುವುದು ತಡವಾಗುತ್ತದೆ, ಇಲ್ಲೇ ಯಾರಾದರೂ ನೇಯ್ದು ಅದು ಬೆಂಕಿಯ ಪರೀಕ್ಷೆಯಲ್ಲಿ ಪಾಸಾದರೆ ವರ್ಷಗಟ್ಟಲೆ ಕೆಲಸ ಎಂದ. ಪಾಸಾದರೆ ಮಗ್ಗ ಉಳಿಯುತ್ತವೆ, ಇಲ್ಲವಾದರೆ ಗುಜರಿಗೆ. ಅಣ್ಣನ ಎದುರು ಬೇರೆ ದಾರಿ ಇರಲಿಲ್ಲ.

ನಾವಿಬ್ಬರೂ ಹೈದರಾಬಾದಿಗೆ ಹೋದದ್ದು ನಿಜ, ಫೋನಿನಲ್ಲಿ ಚಿತ್ರವಿದೆ. ದೊಡ್ಡ ಶೆಡ್ಡಿನಲ್ಲಿ ವಿಮಾನವೊಂದು ನಿಂತಿತ್ತು. ಮೈಮೇಲಿನ ಹಳೆಯ ಕಂಪನಿಯ ಬಣ್ಣವನ್ನು ಉಜ್ಜಿ ತೆಗೆದಿದ್ದರೂ ಅಕ್ಷರಗಳ ಜಾಗ ಮಾತ್ರ ತುಸು ಹೊಳೆಯುತ್ತಿತ್ತು. ಒಳಗೆ ಸೀಟುಗಳಿಲ್ಲ, ಗೋಡೆಯ ಹಲಗೆಗಳಿಲ್ಲ. ಪಕ್ಕೆಲುಬುಗಳಂಥ ಲೋಹದ ಬಳೆಗಳು, ಜೋತುಬಿದ್ದ ವೈರುಗಳು, ಎಷ್ಟೋ ವರ್ಷಗಳ ಕಾಫಿ ಮತ್ತು ಬೆವರಿನ ಹಳಸಿದ ವಾಸನೆ. ಕಿತ್ತ ಸೀಟುಗಳನ್ನು ಹೊರಗೆ ಸಾಲಾಗಿ ಇಟ್ಟಿದ್ದರು. ಬಟ್ಟೆ ಸುಲಿದ ಹಳದಿ ಫೋಮಿನಲ್ಲಿ ಕೂತೆದ್ದವರ ಗುಳಿಗಳು ಹಾಗೇ ಇದ್ದವು. ವಿಮಾನದ ವಯಸ್ಸನ್ನು ಯಾವ ಪ್ರಯಾಣಿಕನೂ ಕೇಳುವುದಿಲ್ಲ, ಸೀಟು ಹೊಸದಾದರೆ ಅವನ ಪಾಲಿಗೆ ವಿಮಾನವೇ ಹೊಸದು ಎಂದು ದಲ್ಲಾಳಿ ನಕ್ಕ. ಅಣ್ಣ ನಗಲಿಲ್ಲ. ಸುಲಿದಿಟ್ಟ ಬಟ್ಟೆಯೊಂದನ್ನು ಎತ್ತಿ ಬೆರಳುಗಳ ನಡುವೆ ತಿಕ್ಕಿದ.

"ಇದಕಿಂತ ಛಲೋ ನಮ್ಮ ಮಗ್ಗದಾಗ ಬರ್ತದ," ಎಂದ.

ವಾಪಸು ಬರುವಾಗ ರೈಲಿನಲ್ಲಿ ದುಧನಿ ದಾಟುವವರೆಗೂ ಅವನು ಮಾತಾಡುತ್ತಲೇ ಇದ್ದ. ಅವನು ಅಷ್ಟು ಮಾತಾಡಿದ್ದನ್ನು ನಾನು ಆಮೇಲೆ ಕೇಳಿಲ್ಲ.

ಉಣ್ಣೆ ಬೆರೆಸಿದ ನೂಲು ತರಿಸಿ, ತಾನೇ ಮಗ್ಗದ ಮುಂದೆ ನಿಂತು ಒಂದು ಥಾನು ನೇಯಿಸಿದ. ಬೆಂಕಿ ಹಿಡಿಯದಂತೆ ರಾಸಾಯನಿಕದಲ್ಲಿ ಅದ್ದಿ ಒಣಗಿಸಲು ಬೇರೆ ಊರಿನ ಕಾರ್ಖಾನೆಗೆ ಕಳಿಸಿದ. ಬಟ್ಟೆ ಚೆನ್ನಾಗಿಯೇ ಬಂತು. ಅದನ್ನು ನೆಟ್ಟಗೆ ದಲ್ಲಾಳಿಗೆ ಕಳಿಸಬಹುದಿತ್ತು.

ಆದರೆ ನಮ್ಮಲ್ಲಿ ಹೊಸ ನಮೂನೆಯ ಮೊದಲ ತುಂಡು ಗಿರಾಕಿಗೆ ನೇರವಾಗಿ ಹೋಗುವುದಿಲ್ಲ. ಅದು ಮೊದಲು ಅಕ್ಕಲಕೋಟದ ಅತ್ತೆಯ ಕೈಗೆ ಹೋಗಬೇಕು. ಅಪ್ಪನ ಅಕ್ಕ ಅವರು; ಅವ್ವ ತೀರಿದ ಮೇಲೆ ನಮ್ಮನ್ನು ಬೆಳೆಸಿದವರು. ಮೈಂದರ್ಗಿ ರಸ್ತೆಯ ಬದಿಯ ಹೊಲದ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಹದ್ದುಬಸ್ತಿನಲ್ಲಿ ಇಟ್ಟುಕೊಂಡಿದ್ದರು. ತುಂಡಿನ ಮೂಲೆಗೆ ಅರಿಸಿನ ಹಚ್ಚಿ ಅವರು ಮರಳಿಸಿದರೆ ಅದೇ ತುಂಡು ಗಿರಾಕಿಗೆ ಹೋಗುವುದು. ಅಪ್ಪನೂ ಹಾಗೇ ಮಾಡುತ್ತಿದ್ದ.

ಇಲ್ಲಿಂದ ಮುಂದಿನದು ನನ್ನ ನೆನಪು ಮಾತ್ರ, ಯಾರ ಒಪ್ಪಿಗೆಯೂ ಇಲ್ಲ. ಅತ್ತೆ ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು, ಯಾವುದಕ್ಕೆ ಇದು ಎಂದು ಕೇಳಿದರು. ಅಣ್ಣ ಹೇಳಿದ.

"ಹಳೇ ವಿಮಾನಕ್ಕ ಹೊಸಾ ಅರಿವಿ? ಮುದುಕಗ ಬಾಸಿಂಗ ಕಟ್ಟಿದಂಗಾತು."

"ಹೊಸಾ ವಿಮಾನ ಎಲ್ಲಾರಿಗೂ ಎಲ್ಲಿ ಪರವಡತದರಿ ಅತ್ತಿ," ಎಂದ ಅಣ್ಣ.

ಅವರು ಬಟ್ಟೆಯನ್ನು ಮೂಸಿ ಮುಖ ಕಿವುಚಿದರು. "ನೀರು ಮುಟ್ಟಿಲ್ಲ ಇದಕ್ಕ. ಮಂದಿ ಜೀವಾ ಕೈಯಾಗ ಹಿಡಕೊಂಡು ಕೂಡೂ ಜಾಗಾ ಅದು. ಅಲ್ಲಿಗೆ ಕೋರಾ ಅರಿವಿ ಕಳಸ್ತಿಯೇನೋ? ಕೋರಾ ಹೊಚ್ಚೂದು ಹೆಣಕ್ಕ."

ನಂತರ ಬಕೆಟ್ಟು, ತಂತಿ, ಕರು. ಅಣ್ಣ ತಡೆಯಲಿಲ್ಲ. ಯಾಕೆ ತಡೆಯಬೇಕು? ತೊಳೆದಷ್ಟೂ ಬಣ್ಣ ಏರುತ್ತದೆ ಎಂದು ಹೇಳಿ ಹೇಳಿಯೇ ಮೂರು ತಲೆಮಾರು ಚಾದರ ಮಾರಿದವರು ನಾವು.

ಆ ತುಂಡಿನ ಪರೀಕ್ಷೆಯ ವಿಡಿಯೋವನ್ನು ದಲ್ಲಾಳಿ ಫೋನಿಗೆ ಕಳಿಸಿದ. ಪಟ್ಟಿಯೊಂದನ್ನು ನೇತುಹಾಕಿ ಕೆಳಗಿನಿಂದ ಜ್ವಾಲೆ ಹಿಡಿಯುತ್ತಾರೆ, ಆಮೇಲೆ ಜ್ವಾಲೆ ತೆಗೆಯುತ್ತಾರೆ. ಬಟ್ಟೆಗೆ ಹತ್ತಿದ ಬೆಂಕಿ ತಾನಾಗಿ ಆರಬೇಕು. ಆರಲಿಲ್ಲ, ನೀಲಿಯನ್ನು ಕಪ್ಪು ಮಾಡುತ್ತ ಮೇಲಿನ ಚಿಮಟದವರೆಗೂ ಏರಿತು. ಅಣ್ಣ ಶೆಡ್ಡಿನ ಬಾಗಿಲಲ್ಲಿ ಕೂತು ಅದನ್ನು ಮತ್ತೆ ಮತ್ತೆ ನೋಡಿದ. ದಲ್ಲಾಳಿ ಆಮೇಲೆ ಫೋನ್ ಎತ್ತಲಿಲ್ಲ.

ಗುಜರಿಯವರು ಮಗ್ಗಗಳನ್ನು ಇಡಿಯಾಗಿ ಒಯ್ಯಲಿಲ್ಲ. ಬೀಡುಕಬ್ಬಿಣದ ಕಾಲುಗಳನ್ನು ಸುತ್ತಿಗೆಯಿಂದ ಮುರಿದು ಲಾರಿಗೆ ತುಂಬಿದರು. ಹೈದರಾಬಾದಿನ ಆ ವಿಮಾನಕ್ಕೆ ಇನ್ನೊಬ್ಬ ಮಾಲೀಕ, ಇನ್ನೊಂದು ಬಣ್ಣ ಸಿಕ್ಕಿರಬೇಕು. ಅಪ್ಪ ಕೊಂಡ ಮಗ್ಗಗಳಿಗೆ ಯಾರೂ ಸಿಗಲಿಲ್ಲ. ಶೆಡ್ಡು ಖಾಲಿ ಮಾಡುವಾಗ ಮೂಲೆಯಲ್ಲಿ ಆ ಥಾನಿನ ಉಳಿದ ಭಾಗ ಬಿದ್ದಿತ್ತು. ಅಕ್ಕಲಕೋಟ ನೋಡದ ಭಾಗ. ಬಿಸಾಡಿಬಿಡು ಎಂದ ಅಣ್ಣ. ನಾನು ಮನೆಗೆ ತಂದೆ.

ಈಗ ಅವನು ವಿಜಾಪುರ ರಸ್ತೆಯ ಅಂಗಡಿಯೊಂದರಲ್ಲಿ ಬೇರೆ ಊರಿನ ಬೆಡ್‌ಶೀಟ್ ಮಾರುತ್ತಾನೆ. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುವ ಅಭ್ಯಾಸ ಬಿಟ್ಟಿದ್ದಾನೆ. ಮಗ್ಗದ ಮಾತು ಬಂದರೆ ಒಂದೇ ಉತ್ತರ: ನನ್ನ ಅರಿವೀನೇ ಸುಮಾರ ಇತ್ತು. ಅತ್ತೆ ತೀರಿಕೊಂಡ ವರ್ಷ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಕೇಳಿಯೇಬಿಟ್ಟೆ, ಅವರು ಅದನ್ನು ತೊಯಿಸಿದ್ದರಲ್ಲ ಎಂದು.

"ನೀ ಅಲ್ಲಿ ಇದ್ದಿದ್ದೇ ಇಲ್ಲ."

"ನನಗ ನೆನಪೈತಿ."

"ನಿನ್ನ ನೆನಪಿಗೆ ಪುರಾವಾ ಐತೇನು? ಎಲ್ಲಾರಿಗೂ ಪುರಾವಾ ಕೇಳಾಂವ ನೀ." ಅವನು ಮಡಚಿಟ್ಟಿದ್ದ ಬೆಡ್‌ಶೀಟನ್ನೇ ಬಿಚ್ಚಿ ಮತ್ತೆ ಮಡಚತೊಡಗಿದ. "ಸತ್ತವರ ಮ್ಯಾಲ ಹಾಕಬ್ಯಾಡ. ನನ್ನ ಅರಿವಿ ಉರೀತು. ಮುಗೀತು."

ನಾನಿಲ್ಲದ ದಿನದ ಬಗ್ಗೆ ಅವನಿಗೆ ಇಷ್ಟು ಖಚಿತ ಹೇಗೆ ಎಂದು ಕೇಳಬಹುದಿತ್ತು. ಬದಲಿಗೆ ಅತ್ತೆಯ ಮಗನನ್ನು ಕೇಳಿದೆ. ನಮ್ಮ ತಂತಿಯ ಮೇಲೆ ಯಾವಾಗಲೂ ಏನಾದರೊಂದು ಒಣಗುತ್ತಲೇ ಇರುತ್ತದೆ ಎಂದ.

ಅತ್ತೆ ಬಟ್ಟೆ ತೊಯಿಸಿದರೋ, ನಾನು ಅಲ್ಲಿದ್ದೆನೋ, ಅಣ್ಣ ಯಾರನ್ನು ಕಾಪಾಡುತ್ತಿದ್ದಾನೋ, ಇವು ಯಾವುದನ್ನೂ ನಾನು ಸಾಬೀತು ಮಾಡಲಾರೆ. ಪರೀಕ್ಷಿಸಬಹುದಾದದ್ದು ಒಂದೇ ಇತ್ತು. ಕಳೆದ ಬೇಸಿಗೆಯಲ್ಲಿ ಉಳಿದ ಬಟ್ಟೆಯಿಂದ ಎರಡು ಪಟ್ಟಿ ಕತ್ತರಿಸಿದೆ. ಒಂದನ್ನು ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ ಒಣಗಿಸಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಹಿತ್ತಲಲ್ಲಿ ಎರಡನ್ನೂ ನೇತುಹಾಕಿ ಕೆಳಗೆ ಮೇಣದಬತ್ತಿ ಹಿಡಿದೆ. ನಂಬಿಕೆ ಸಾಲದೆ ಬೇರೆ ಪಟ್ಟಿಗಳನ್ನು ಕತ್ತರಿಸಿ ಮರುದಿನ ಮತ್ತೆ ಹಿಡಿದೆ. ಎರಡು ದಿನವೂ, ನೀರು ಮುಟ್ಟದ ಪಟ್ಟಿ ಬತ್ತಿ ತೆಗೆದೊಡನೆ ಆರಿತು. ಜಾಲಿಸಿದ ಪಟ್ಟಿ ತುದಿಯವರೆಗೂ ಉರಿಯಿತು.