ಎರಡು ಬೆರಳಿನ ಕಾಕಾ ಕಟ್ಟಿದ ಮಷಿನ್

ಹೋದ ತಿಂಗಳು ಮಾಳಿಗೆಯ ಮೇಲಿನ ಹಳೆಯ ಸಾಮಾನು ತೆಗೆಸುವಾಗ ಪ್ರಿಂಟರ್ ಒಂದು ಕೈಗೆ ಬಂತು. ಅಂಚಿಗೆ ತೂತಿರುವ ಹಾಳೆ ಏರಿಸಿದರೆ ಕರ್ರ್ ಎಂದು ಕಿರುಚುತ್ತ ಅಚ್ಚು ಹಾಕುತ್ತಿದ್ದ, ಆ ಕಾಲದ ಡಾಟ್ ಮ್ಯಾಟ್ರಿಕ್ಸ್. ಮುಚ್ಚಳ ಎತ್ತಿದೆ. ರಿಬ್ಬನ್ನಿನ ಮಸಿಯ ವಾಸನೆ ಇನ್ನೂ ಇತ್ತು. ಮೋಟರ್ ಇರಬೇಕಾದ ಜಾಗ ಮಾತ್ರ ಖಾಲಿ, ನಾಲ್ಕು ಸ್ಕ್ರೂ ತೂತುಗಳಷ್ಟೇ.

"ಇದರಾಗ ಮೋಟರ್ ಇಲ್ಲಲ್ರಿ ಅಕ್ಕಾರ, ಯಾರರೆ ಕದ್ದಾರೇನು?" ಎಂದು ಗುಜರಿಯವನು ಕೇಳಿದ. ಕದ್ದದ್ದಲ್ಲ, ನಾನೇ ಬಿಚ್ಚಿ ಕೊಟ್ಟದ್ದು ಎಂದೆ. ಯಾರಿಗೆ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಅವನ ಗಾಡಿ ಅವತ್ತು ನಮ್ಮ ಓಣಿಯಿಂದ ಬೇಗ ಹೊರಡುತ್ತಿರಲಿಲ್ಲ…

ಎರಡು ಸಾವಿರದ ಇಸವಿಯ ಆಚೀಚೆ ನಾನು ಇಳಕಲ್ಲಿನಲ್ಲಿ ಕಂಪ್ಯೂಟರ್ ಕಲಿಸುವ ಸಣ್ಣ ಕೇಂದ್ರ ನಡೆಸುತ್ತಿದ್ದೆ. ಗೋಡೆಯಾಚೆ ಬಡಗಿ ಕಾಕಾನ ತಗಡಿನ ಚಪ್ಪರ. ನಮಗೆ ರಕ್ತಸಂಬಂಧ ಏನಿಲ್ಲ, ಓಣಿಯವರೆಲ್ಲ ಕಾಕಾ ಅನ್ನುತ್ತಿದ್ದರು, ನಾನೂ ಅಂದೆ. ಬಾಗಿಲ ಚೌಕಟ್ಟು ಕೆತ್ತುವುದರಲ್ಲಿ ಅವರದು ಹುನಗುಂದ, ಗುಳೇದಗುಡ್ಡದವರೆಗೂ ಹೆಸರು. ಅವರು ಕೆತ್ತಿದ ಬಳ್ಳಿಯ ಎಲೆಗೆ ಗಾಳಿ ಬಡಿದಂತೆ ಒಂದು ಬಾಗು ಇರುತ್ತಿತ್ತು. ಅದನ್ನು ನೋಡಿಯೇ ಇದು ಯಾರ ಕೆಲಸ ಎಂದು ಜನ ಹೇಳಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಹಲಗೆ ಕೀಸುವ ಮಷಿನ್ ಅವರ ಬಲಗೈಯ ಮೂರು ಬೆರಳು ತೆಗೆದುಕೊಂಡಿತು. ಹೆಬ್ಬೆರಳು, ಕಿರುಬೆರಳು ಉಳಿದವು. ಬಾಗಲಕೋಟೆಯ ದವಾಖಾನೆಯಿಂದ ಮರಳಿದ ಮೇಲೆ ಊರಿನ ಬಡಗಿಗಳೆಲ್ಲ ನೋಡಲು ಬಂದರು. ಕಾಕಾಗೆ ಕೆತ್ತನೆ ಕಲಿಸಿದ ಹಿರಿಯ ಮೇಸ್ತ್ರಿಯೂ ಬಂದಿದ್ದರು. ಕಟ್ಟಿಗೆ ಮಾರುವ ಅಡ್ಡೆಗೆ ಕಾವಲಿಗೊಬ್ಬ ಬೇಕಂತೆ, ತಾನು ಮಾತಾಡಿದ್ದೇನೆ ಎಂದರು. "ಕುಂತು ಮಾಡೋ ಕೆಲಸಪಾ. ಕೈಗೆ ತ್ರಾಸ ಇಲ್ಲ."

"ನಾ ಮೊದಲಿಂದ ಕುಂತ ಕೆಲಸಾ ಮಾಡಾಂವರಿ, ಉಳಿ ಹಿಡಕೊಂಡು," ಎಂದರು ಕಾಕಾ. "ಕಾವಲಿಗೆ ಬೇಕಿದ್ರ ಒಂದು ನಾಯಿ ಸಾಕ್ರಿ."

ಬಂದವರು ಚಹಾ ಕುಡಿಯದೆ ಎದ್ದು ಹೋದರು. ಕಾಕು, ಅಂದರೆ ಅವರ ಹೆಂಡತಿ, ಆರಿದ ಕಪ್ಪುಗಳನ್ನು ಒಳಗೆ ಒಯ್ದಳು.

ಆಮೇಲೆ ಕಾಕಾ ದಿನವೂ ನನ್ನ ಕೇಂದ್ರದ ಬಾಗಿಲ ಹತ್ತಿರ ಬಂದು ಕೂರತೊಡಗಿದರು. ಬೇಸರಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಅವರು ನೋಡುತ್ತಿದ್ದದ್ದು ಪ್ರಿಂಟರನ್ನು.

"ಟೀಚರ, ಈ ತಲಿಗೆ ಯಾರು ಹೇಳ್ತಾರ, ಇಲ್ಲಿ ನಿಲ್ಲು, ಅಲ್ಲಿಗೆ ಸರಿ ಅಂತ?"

"ಕಂಪ್ಯೂಟರ್ ಹೇಳತದ ಕಾಕಾ."

"ಮಸಿ ಬದಲಿ ಅದರ ಕೈಯಾಗ ಉಳಿ ಕೊಟ್ರ?"

ನಾನು ನಕ್ಕೆ. ಅವರು ನಗಲಿಲ್ಲ. ಅಂಥ ಯಂತ್ರ ದೊಡ್ಡ ಕಾರ್ಖಾನೆಗಳಲ್ಲಿ ಇರುತ್ತದೆ, ಸಿಎನ್‌ಸಿ ಅನ್ನುತ್ತಾರೆ, ನಮ್ಮಂಥವರಿಗೆ ಎಟುಕುವುದಿಲ್ಲ ಎಂದೆ. "ಕೊಳ್ಳಾಕ ಎಟುಕಂಗಿಲ್ಲ ಅಂದ್ರ ಮಾಡಿದ್ರಾತು," ಎಂದು ಎದ್ದು ಹೋದರು. ಮರುದಿನ ಸ್ಕ್ರೂಡ್ರೈವರ್ ಹಿಡಿದುಕೊಂಡು ಬಂದರು. ಮೂಲೆಯಲ್ಲಿ ಕೆಟ್ಟು ಕೂತಿದ್ದ ನನ್ನ ಇನ್ನೊಂದು ಪ್ರಿಂಟರಿನ ಹೊಟ್ಟೆ ಮೊದಲು ಬಿಚ್ಚಿದ್ದು ಆ ದಿನ.

ಎರಡು ವರ್ಷ ಹಿಡಿಯಿತು. ಕೆಟ್ಟ ಪವರ್‌ಲೂಮುಗಳ ಉಕ್ಕಿನ ಶಾಫ್ಟ್‌ಗಳನ್ನು ಹೆಕ್ಕಿ ತಂದು, ಮಷಿನ್ ಆಚೀಚೆ ಜಾರುವ ಹಳಿ ಮಾಡಿದರು. ಕಟ್ಟಿಗೆ ಕೊರೆಯುವ ಕೈರೂಟರನ್ನು ಅದರ ಮೇಲೆ ಕಟ್ಟಿದರು. ಅದನ್ನು ಎಳೆಯುವ ತಾಕತ್ತು ನನ್ನ ಪ್ರಿಂಟರಿನ ಮೋಟರಿಗೆ ಇರಲಿಲ್ಲ, ಬರೇ ಗುಂಯ್ ಎಂದು ನಡುಗಿತು. ಕಾಕಾ ಹುಬ್ಬಳ್ಳಿಯ ಗುಜರಿ ಬಜಾರಕ್ಕೆ ಹೋಗಿ ಇನ್ನೂ ದೊಡ್ಡ ಮೋಟರುಗಳನ್ನು ಚೀಲದಲ್ಲಿ ಹೊತ್ತು ತಂದರು. ಟಿವಿ ರಿಪೇರಿಯವನೊಬ್ಬ ಸರ್ಕಿಟ್ ಬೆಸುಗೆ ಹಾಕಿಕೊಟ್ಟ. ನಾನು ಗೆಳತಿಯ ಕಡೆಯಿಂದ ಫ್ಲಾಪಿಯಲ್ಲಿ ಪ್ರೋಗ್ರಾಂ ತರಿಸಿದೆ. ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅರ್ಧ ನನಗೇ ತಿಳಿಯುತ್ತಿರಲಿಲ್ಲ, ಆದರೆ ಅವರಿಗೆ ಹೇಗೋ ತಿಳಿಯುತ್ತಿತ್ತು.

ಮೊದಲ ಸಲ ಬೇವಿನ ಹಲಗೆಯ ಮೇಲೆ ಒಂದು ವೃತ್ತ ಕೊರೆಯಲು ಹೇಳಿದೆವು. ತತ್ತಿಯ ಆಕಾರ ಬಂತು. ಇಪ್ಪತ್ತು ಸಲ ಕೊರೆಸಿದರೂ ತತ್ತಿಯೇ. ಓಣಿಯವರು ಬಂದು ನೋಡಿ, ಕಾಕಾ ಕೋಳಿ ಸಾಕ್ಯಾರ ಎಂದು ನಕ್ಕರು. ನನಗೆ ಅಳು ಬಂತು. ಕಾಕಾ ಮಾತ್ರ ಮಷಿನ್ನಿಗೆ ಕಿವಿ ಕೊಟ್ಟು ಕೂತರು. ಮೋಟರ್ ಹಿಂದಕ್ಕೆ ತಿರುಗುವಾಗೊಮ್ಮೆ ಟಕ್ ಎನ್ನುತ್ತದೆ, ನೋಡು ಎಂದರು. ರೂಟರನ್ನು ಎಳೆಯುವ ಉದ್ದ ಬೋಲ್ಟಿನ ಮೇಲೆ ಓಡಾಡುವ ನಟ್ಟು ಕೂದಲೆಳೆಯಷ್ಟು ಸಡಿಲವಿತ್ತು, ತಿರುಗಿ ಹೊರಡುವಾಗ ಅಷ್ಟು ಅಳತೆ ನುಂಗುತ್ತಿತ್ತು. ಒಂದರ ಬದಲು ಎರಡು ನಟ್ಟು ಹಾಕಿ, ನಡುವೆ ಪವರ್‌ಲೂಮಿನ ಸ್ಪ್ರಿಂಗ್ ಒಂದನ್ನು ಬಿಗಿದರು. ವೃತ್ತ ಗುಂಡಗೆ ಬಂತು. ಕಾಕಾ ಅದರ ಅಂಚಿನ ಮೇಲೆ ಎಡಗೈ ಹೆಬ್ಬೆರಳು ಸುತ್ತಿಸಿದರು, ಮತ್ತೆ ಸುತ್ತಿಸಿದರು… ಆ ಮುಖ ನನಗೆ ಇವತ್ತಿಗೂ ಕಾಣುತ್ತದೆ.

ಬಳ್ಳಿಯ ಚಿತ್ರವನ್ನು ಅವರು ಗ್ರಾಫ್ ಹಾಳೆಯ ಮೇಲೆ ಎಡಗೈಯಲ್ಲೇ ಬರೆಯುತ್ತಿದ್ದರು. ಒಂದೊಂದು ತಿರುವಿನ ಅಳತೆ ನಾನು ಟೈಪು ಮಾಡಬೇಕು, ಸಾಲುಗಟ್ಟಲೆ ಅಂಕಿ. ಮಷಿನ್ ಕೊರೆದದ್ದು ಚಪ್ಪಟೆಯಾಗಿ, ಸತ್ತಂತೆ ಇರುತ್ತಿತ್ತು. ಅದಕ್ಕೆ ಕಾಕಾ ಚರ್ಮದ ಪಟ್ಟಿಯಿಂದ ಬಲ ಅಂಗೈಗೆ ಉಳಿ ಕಟ್ಟಿಕೊಂಡು, ಎಡಗೈಯಲ್ಲಿ ಕೊಡತಿ ಹಿಡಿದು, ಎಲೆಗೆ ಆ ಬಾಗು ಕೊಡುತ್ತಿದ್ದರು.

ಮೊದಲ ಚೌಕಟ್ಟು ಹೊರಬಿದ್ದ ವಾರದಲ್ಲೇ ಬಡಗಿಗಳು ಗುಂಪು ಕಟ್ಟಿಕೊಂಡು ಬಂದರು. ಮುಂದೆ ಹಿರಿಯ ಮೇಸ್ತ್ರಿ. ಅವರ ಸಿಟ್ಟು ಸುಳ್ಳಲ್ಲ. ಒಬ್ಬನ ಹದಿನೈದು ದಿನದ ಕೆಲಸ ಆ ಮಷಿನ್ ಮೂರು ದಿನದಲ್ಲಿ ಮಾಡುತ್ತಿತ್ತು.

"ನಿನಗ ವಿದ್ಯಾ ಕೊಟ್ಟಾಂವ ನಾ," ಎಂದರು ಮೇಸ್ತ್ರಿ. "ಇದು ನಮ್ಮ ಮಂದಿ ಹೊಟ್ಟಿ ಮ್ಯಾಲ ಹೊಡಿತೈತಿ. ಬಿಚ್ಚಿ ಹಾಕು."

ಕಾಕಾ ಮೊದಲು ಅವರ ಕಾಲು ಮುಟ್ಟಿದರು. ಆಮೇಲೆ ನೆಟ್ಟಗೆ ನಿಂತರು. "ವಿದ್ಯಾ ನೀವು ಕೊಟ್ರಿ, ಖರೆ. ಬೆರಳ ಹೋದ ಮ್ಯಾಲ ಆ ವಿದ್ಯಾ ಎಲ್ಲಿ ಇಡಲಿ ಅಂತ ಯಾರೂ ಹೇಳಲಿಲ್ಲ. ಇದರಾಗ ಇಟ್ಟೇನಿ. ಬಿಚ್ಚಂಗಿಲ್ಲ."

ಅಂದಿನಿಂದ ಅಡ್ಡೆಯಲ್ಲಿ ಅವರಿಗೆ ಕಟ್ಟಿಗೆ ಸಿಗಲಿಲ್ಲ. ಚೌಕಟ್ಟು ಎತ್ತಿ ಕೂರಿಸಲು ಒಬ್ಬ ಆಳೂ ಬರಲಿಲ್ಲ. ಕಾಕಾ ಬಾಗಲಕೋಟೆಗೆ ಹೋದರು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಅಲ್ಲಿ ಹಳೆಯ ಮನೆಗಳನ್ನು ಕೆಡವುತ್ತಿದ್ದರು. ಆ ಮನೆಗಳ ಸಾಗವಾನಿ ತೊಲೆಗಳನ್ನು ಲಾರಿಯಲ್ಲಿ ಹೇರಿಸಿ ತಂದರು, ಕೊರೆದರು, ಮುಳುಗಡೆಯವರಿಗೆಂದು ಕಟ್ಟುತ್ತಿದ್ದ ನವನಗರದ ಹೊಸ ಮನೆಗಳಿಗೆ ಬಾಗಿಲು ಮಾಡಿ ಕಳಿಸಿದರು. ಚೌಕಟ್ಟಿನ ಇನ್ನೊಂದು ತುದಿ ಹಿಡಿಯಲು ಕಾಕು ಹೋದಳು. ಸೀರೆ ಎತ್ತಿ ಕಟ್ಟಿ, ಸ್ಟೂಲ್ ಏರಿ ನಿಂತು ಆಕೆ ಮೊಳೆ ಹೊಡೆಯುವುದನ್ನು ಜನ ನಿಂತು ನೋಡಿದರು. "ನೋಡಾಕ ಬಂದಾರು ಒಂದು ಕೈ ಹಚ್ಚರಿ," ಎಂದು ಮೇಲಿನಿಂದಲೇ ಕೂಗಿದಳಂತೆ.

ಮತ್ತೆ ಎರಡು ವರ್ಷ ಹೀಗೇ ಹೋಯಿತು. ಒಂದು ಬೆಳಿಗ್ಗೆ ಮೇಸ್ತ್ರಿ ಒಬ್ಬರೇ ಬಂದರು, ಕಂಕುಳಲ್ಲಿ ಸುತ್ತಿದ ಹಾಳೆ. ನಾನು ಅಲ್ಲೇ ಇದ್ದೆ. ಹಾಳೆ ಬಿಚ್ಚುವಾಗ ಅವರ ಎರಡೂ ಕೈ ನಡುಗುತ್ತಿದ್ದವು. ಒಂದು ಜೋಡಿ ನವಿಲು, ಹರೆಯದಲ್ಲಿ ಬರೆದಿಟ್ಟದ್ದಂತೆ. ಕೆತ್ತಬೇಕು ಎನ್ನುತ್ತಲೇ ವಯಸ್ಸು ಹೋಗಿತ್ತು, ಈಗ ಕೈ ನಿಲ್ಲುತ್ತಿರಲಿಲ್ಲ.

"ಇದನ್ನ ಕೊರಿತದೇನು ನಿನ್ನ ಮಷಿನ್?"

ಕಾಕಾ ಸ್ಟೂಲಿನ ಮೇಲಿನ ಧೂಳು ಒರೆಸಿ ಮುಂದೆ ಸರಿಸಿದರು. "ಕೊರಿತದ್ರಿ. ಎಲ್ಲಿ ತಪ್ಪತದ ಅಂತ ನೀವು ಕುಂತು ಹೇಳಬೇಕು."

ಒಂಬತ್ತು ದಿನ ಇಬ್ಬರೂ ಹಲಗೆಯ ಆಚೀಚೆ ಕೂತರು. ನಾನು ಅಂಕಿ ಟೈಪು ಮಾಡಿ ಮಾಡಿ ಸೋತೆ. ನವಿಲಿನ ಕುತ್ತಿಗೆಯನ್ನು ಕಾಕಾ ಉಳಿಯಲ್ಲಿ ತಿದ್ದುವಾಗ ಮೇಸ್ತ್ರಿ "ಹಗೂರಕ… ಇನ್ನೂ ಹಗೂರಕ…" ಅನ್ನುತ್ತಿದ್ದರು. ಮುಗಿದ ದಿನ ಅವರು ಹಲಗೆಯನ್ನಲ್ಲ, ಕಾಕಾನ ಎರಡು ಬೆರಳನ್ನು ಹಿಡಿದುಕೊಂಡರು. ತಪ್ಪಾಯಿತು ಎನ್ನಲಿಲ್ಲ. ಕಾಕಾ ಅದನ್ನು ಕೇಳಲೂ ಇಲ್ಲ. ಆಮೇಲೆ ಬಡಗಿಗಳು ಒಬ್ಬೊಬ್ಬರೇ ಬರತೊಡಗಿದರು, ಅಡ್ಡೆಯವರೂ ಕರೆ ಕಳಿಸಿದರು. ಆದರೆ ಆ ಅಡ್ಡೆಯಿಂದ ಕಾಕಾ ಬದುಕಿರುವತನಕ ಒಂದು ತುಂಡು ಕಟ್ಟಿಗೆ ತರಲಿಲ್ಲ.

ಕಟ್ಟಿಗೆಯ ಧೂಳು ಅವರ ಪುಪ್ಪುಸ ತಿಂದಿತು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ನಾನೂ ಕಾಕುವೂ ಹೇಳಿ ಸಾಕಾಗಿತ್ತು. ಅವರು ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಮರುವರ್ಷ ಚಪ್ಪರ ಬಿಚ್ಚಿದರು, ಕಾಕು ತವರಿಗೆ ಹೋದಳು, ಮಷಿನ್ ತುಂಡು ತುಂಡಾಗಿ ಎಲ್ಲಿಗೋ ಹೋಯಿತು. ಅಷ್ಟು ವರ್ಷ ಪಕ್ಕದಲ್ಲಿದ್ದು ಅದರದೊಂದು ಫೋಟೊ ನಾನು ತೆಗೆಸಲಿಲ್ಲ. ಈ ತಪ್ಪು ನನ್ನದು, ಇದಕ್ಕೆ ನೆಪ ಹೇಳುವುದಿಲ್ಲ.

ಮೊನ್ನೆ ಹುನಗುಂದ ರಸ್ತೆಯಲ್ಲಿ ಹೊಸ ಅಂಗಡಿ ಶುರುವಾಯಿತು. ಹಾರ ಹಾಕಿದ ದೊಡ್ಡ ಸಿಎನ್‌ಸಿ ಮಷಿನ್, ಪೆಂಡಾಲು, ಕುರ್ಚಿ. ಮುಖ್ಯ ಅತಿಥಿಗಳು ಮೈಕಿನಲ್ಲಿ, ಇದು ನಮ್ಮ ಊರಿನ ಮೊಟ್ಟಮೊದಲ ಕಂಪ್ಯೂಟರ್ ಕೆತ್ತನೆ ಯಂತ್ರ ಎಂದರು. ನಾನು ಎದ್ದು ನಿಂತೆ.

"ಮೊದಲನೇದು ಅಲ್ಲರಿ."

ಕುಂದರ್ರಿ ಅಕ್ಕಾರ, ಆಮ್ಯಾಲ ಮಾತಾಡೋಣು ಎಂದರು ವೇದಿಕೆಯಲ್ಲಿದ್ದವರು. ನಾನು ಕೂರಲಿಲ್ಲ. ಕಾಕಾನ ಹೆಸರು ಹೇಳಿದೆ, ಓಣಿ ಹೇಳಿದೆ, ಪವರ್‌ಲೂಮಿನ ಶಾಫ್ಟು, ಎರಡು ನಟ್ಟು, ಎರಡು ಬೆರಳು ಎಲ್ಲವನ್ನೂ ಹೇಳಿದೆ. ಹಿಂದಿನ ಸಾಲಿನಿಂದ ಯಾರೋ "ಖರೆ ಐತಿ, ನಮ್ಮ ಮನಿ ಬಾಗಲಾ ಅವರ ಮಾಡಿದ್ದು," ಎಂದರು.

ಕಾರ್ಯಕ್ರಮ ಮುಗಿದ ಮೇಲೆ ಅಂಗಡಿಯ ಮಾಲೀಕ ಬಂದು, ಆ ಮಷಿನ್ ನೋಡಬಹುದೇ ಎಂದು ಕೇಳಿದ. ಇಲ್ಲ ಎಂದೆ. ಫೋಟೊ? ಅದೂ ಇಲ್ಲ… ನಾನು ಹೇಳಬಹುದಾದದ್ದು ಅಷ್ಟೇ ಇತ್ತು. ಆದರೆ ನಾನು ಹೇಳಿ ಮುಗಿಸಿ ಕೂತ ಮೇಲೆ ಅತಿಥಿಗಳು ಮಾತು ಮುಂದುವರಿಸಿದಾಗ, 'ಮೊಟ್ಟಮೊದಲ' ಎಂಬುದನ್ನು ಮೈಕಿನಲ್ಲಿ ಮತ್ತೊಮ್ಮೆ ಹೇಳಿರಲಿಲ್ಲ.