ವರ್ತನೆ ಮನೆಗಳು

ಚಾಮರಾಜನಗರದ ಅಂಗಡಿ ಬೀದಿಯ ಹಿಂದಿದ್ದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಗುರುಮಲ್ಲಮ್ಮ ಇಪ್ಪತ್ತಾರು ವರ್ಷ ಬಾಳಿದಳು. ಗಂಡ ಹೋದ ಮೇಲೂ ಅಲ್ಲೇ. ಬೆಳಗಿನ ಜಾವ ಮಾರ್ಕೆಟ್ಟಿನಿಂದ ಹೂವು ತಂದು, ಹೊಸಿಲ ಮೇಲೆ ಕೂತು ಕಟ್ಟಿ, ಜನ ಮಿಂದು ದೀಪ ಹಚ್ಚುವಷ್ಟರಲ್ಲಿ ಹದಿನೆಂಟು ವರ್ತನೆ ಮನೆಗಳಿಗೆ ಮುಟ್ಟಿಸುತ್ತಿದ್ದಳು. ದಿನಾ ಹೂವು, ತಿಂಗಳಿಗೊಮ್ಮೆ ದುಡ್ಡು. ಮೊದಲ ಮಾರು ಮನೆ ಮಾಲೀಕ ದೊರೆಸ್ವಾಮಿಯ ಮನೆಗೆ. ಅವರಿಗೆ ಅಳೆಯುವಾಗ ಕೈ ತಾನಾಗಿ ಒಂದು ಗೇಣು ಮುಂದೆ ಹೋಗುತ್ತಿತ್ತು.

ಒಂದು ದಿನ ದೊರೆಸ್ವಾಮಿ ಬಂದು ನಿಂತ.

"ಓದೋ ಹುಡುಗ್ರು ಕೇಳ್ತಾವ್ರೆ ಕಣಮ್ಮ. ನಾಕು ಜನ ಸೇರಿ ಆರು ಸಾವ್ರ ಕೊಡ್ತಾರಂತೆ. ನೀನು ಕೊಡೋದು ಎರಡೂವರೆ. ನೀನೇ ಯೋಳು."

"ನಾನೇನ್ ಯೋಳ್ಲಿ ಸ್ವಾಮಿ? ನಾಕು ಜನ ಆಗ್ಬೇಕಂದ್ರೆ ನಾನಿನ್ನೂ ಮೂರು ಸಲ ಹುಟ್ಬೇಕು."

ಪೇಟೆಯೊಳಗೆ ಅವಳ ಕೈಗೆಟುಕುವ ಬಾಡಿಗೆ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಗುಂಡ್ಲುಪೇಟೆ ರಸ್ತೆಯಲ್ಲಿ, ಊರಿಂದ ಒಂದು ಹರದಾರಿ ಆಚೆಯ ಲೇಔಟಿನಲ್ಲಿ. ಸುತ್ತ ಬರೀ ಕಲ್ಲು ನೆಟ್ಟ ಸೈಟುಗಳು. ಅಲ್ಲಿ ನಿಲ್ಲಿಸುವ ಮೊದಲ ಬಸ್ಸು ಪೇಟೆ ಮುಟ್ಟುವಾಗ ಏಳೂವರೆ. ಅಷ್ಟರಲ್ಲಿ ಎಲ್ಲರ ಪೂಜೆ ಮುಗಿದಿರುತ್ತಿತ್ತು. ಆಟೋದವನು ಕೇಳಿದ್ದು ಅವಳ ಒಂದು ದಿನದ ದುಡಿಮೆ.

ಅದಕ್ಕೇ ಹಿಂದಿನ ಸಂಜೆಯೇ ಹೂವು ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ, ಮನೆಮನೆಯ ಗೇಟಿಗೆ ಸಿಕ್ಕಿಸಿ ಕೊನೆ ಬಸ್ಸು ಹತ್ತತೊಡಗಿದಳು. ಮೂರನೆಯ ದಿನ ದೊರೆಸ್ವಾಮಿಯ ಹೆಂಡತಿ ಶಶಿರೇಖಾ ತಡೆದು ನಿಲ್ಲಿಸಿದಳು.

"ಏನ್ ಗುರುಮಲ್ಲಮ್ಮ, ರಾತ್ರಿಯೆಲ್ಲ ಗೇಟಲ್ಲಿ ತೂಗಿದ ಹೂವ ದೇವ್ರಿಗೆ ಮುಡ್ಸಕಾಯ್ತದಾ?"

"ಬಾಡಿಲ್ಲ ಕಣವ್ವ."

"ಬಾಡ್ದೆ ಇದ್ರೇನು, ತಂಗಳು ತಂಗಳೇ. ಇಷ್ಟು ವರ್ಸ ಮಾರಿದೋಳಿಗೆ ನಾನ್ ಕಲಿಸ್ಬೇಕಾ?"

ಬೇಕಿರಲಿಲ್ಲ. ತನ್ನ ಮಾದಪ್ಪನ ಪಟಕ್ಕೆ ಅವಳೆಂದೂ ಹಿಂದಿನ ದಿನದ ಹೂವು ಇಟ್ಟವಳಲ್ಲ. ಗೊತ್ತಿದ್ದೇ ಮಾಡಿದ್ದಳು.

"ನಾಳೆಯಿಂದ ದಾನೇಶ್ವರಿ ತರ್ತಾಳೆ. ಅವಳ್ತವ ಸ್ಕೂಟಿ ಅದೆ," ಎಂದ ಶಶಿರೇಖಾ ಸಮಾಧಾನಕ್ಕೆಂಬಂತೆ ಸೇರಿಸಿದಳು. "ಬಾಡಿಗೆಯಾದ್ರೂ ಕಮ್ಮಿ ಆಯ್ತಲ್ಲ, ಬುಡು."

"ಊಂ ಕಣವ್ವ. ಅಲ್ಲಿ ಎಲ್ಲಾನೂ ಕಮ್ಮಿನೇ. ಹೂವ ತಕೊಳಕೆ ದೇವ್ರಿಗೂ ಇನ್ನೂ ಮನೆ ಕಟ್ಟಿಲ್ಲ."

ಮಾತು ಮನೆಯಿಂದ ಮನೆಗೆ ಹೋಯಿತು. ತಿಂಗಳು ತುಂಬುವಷ್ಟರಲ್ಲಿ ಹದಿನೆಂಟರಲ್ಲಿ ಒಂದು ಮನೆಯೂ ಉಳಿಯಲಿಲ್ಲ.

ಈಗ ಗುರುಮಲ್ಲಮ್ಮ ಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ಎಂಜಲೆಲೆ ಎತ್ತುತ್ತಾಳೆ. ಆ ಕೆಲಸ ಶುರುವಾಗುವುದು ಊಟದ ಹೊತ್ತಿಗೆ. ಯಾವ ಬಸ್ಸಿಗೆ ಬಂದೆಯೆಂದು ಅಲ್ಲಿ ಯಾರೂ ಕೇಳುವುದಿಲ್ಲ.