ವೆಂಕಟರಾಯಪ್ಪನವರ ನ್ಯೂಟ್ ತೊಟ್ಟಿ

ಶಿಡ್ಲಘಟ್ಟದ ಸುತ್ತಲ ಹತ್ತು ಹಳ್ಳಿಗಳಲ್ಲಿ ರೇಷ್ಮೆಹುಳುವಿನ ಮನಸ್ಸು ಬಲ್ಲವರು ತಾವೊಬ್ಬರೇ ಎಂಬುದು ವೆಂಕಟರಾಯಪ್ಪನವರ ನಂಬಿಕೆ. ಸಾಕ್ಷಿಗೆ, ‘ಉತ್ತಮ ಹುಳು ಸಾಕಣೆದಾರ’ ಎಂಬ ಪ್ರಶಸ್ತಿಪತ್ರ ನಡುಮನೆಯ ಗೋಡೆ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿತ್ತು. ನಲವತ್ತು ವರ್ಷ ಕೋಳಿ ಕೂಗುವ ಮೊದಲೇ ಎದ್ದು ಸೊಪ್ಪು ಹಾಕಿದವರು, ಹಿಕ್ಕೆ ಬಳಿದವರು ಹೆಂಡತಿ ಮಂಗಮ್ಮ. ವೆಂಕಟರಾಯಪ್ಪನವರು ಥರ್ಮಾಮೀಟರ್ ನೋಡುತ್ತಿದ್ದರು. ಪತ್ರದಲ್ಲಿ ಒಬ್ಬರ ಹೆಸರಿಗಷ್ಟೇ ಜಾಗವಿತ್ತಂತೆ.

ಹೋದ ವರ್ಷ ಮಂಗಮ್ಮನವರಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತು ನಿಂತಿತು. ಆಸ್ಪತ್ರೆಯಿಂದ ಬಂದವರು ಗೋಡೆ ಕಡೆ ಮುಖ ಮಾಡಿ ಮಲಗಿದರು, ಗಂಜಿಗೂ ಬಾಯಿ ಬಿಡಲೊಲ್ಲರು. “ಯಾವುದರ ಮೇಲಾದರೂ ಆಸೆ ಹುಟ್ಟಬೇಕು, ಇಲ್ಲದಿದ್ದರೆ ಕಷ್ಟ,” ಎಂದು ಡಾಕ್ಟರು ಕೈಚೆಲ್ಲಿದರು.

ಚಿಂತಾಮಣಿಯಲ್ಲಿ ಟೀಚರಾಗಿರುವ ಮಗಳು ತನುಜ, ಬೆಂಗಳೂರಿನಿಂದ ಒಂದು ಗಾಜಿನ ತೊಟ್ಟಿ ಮತ್ತು ಎರಡು ನ್ಯೂಟ್ ತಂದು ತಾಯಿಯ ಮಂಚದ ಪಕ್ಕ ಇಟ್ಟಳು. ನೋಡಲು ಹಲ್ಲಿ, ವಾಸ ನೀರಿನಲ್ಲಿ. ಬೆನ್ನು ಕಪ್ಪು, ಹೊಟ್ಟೆ ಕುಂಕುಮ ಬಳಿದಂತೆ ಕೆಂಪು.

“ಅಪ್ಪಾ, ನೀರು ತಣ್ಣಗಿರ್ಬೇಕು. ಪೂರ್ತಿ ಬದಲಾಯಿಸ್ಬೇಡ, ವಾರಕ್ಕೆ ಕಾಲುಭಾಗ ಅಷ್ಟೇ. ನಲ್ಲಿ ನೀರು ಹಂಗೇ ಸುರೀಬೇಡ.”

“ಯಾರಿಗಮ್ಮಾ ಹೇಳ್ತಿದೀಯ? ಲಕ್ಷಗಟ್ಲೆ ಹುಳ ಸಾಕಿದೋನು ನಾನು. ಎರಡು ಹಲ್ಲಿ ಸಾಕಕ್ಕೆ ಪಾಠ ಬೇಕಾ?”

ನಿಜ ಹೇಳಬೇಕೆಂದರೆ ಬೇಸಿಗೆಯಲ್ಲಿ ಅವುಗಳನ್ನು ಉಳಿಸಿದ್ದು ಅವರೇ. ಹುಳುಮನೆಯಲ್ಲಿ ಮಾಡುವಂತೆ ಕಿಟಕಿಗೆ ಒದ್ದೆ ಗೋಣಿ ಕಟ್ಟಿದರು, ಗಂಟೆಗೊಮ್ಮೆ ನೀರು ಚಿಮುಕಿಸಿದರು. ಬಾಗಿಲಲ್ಲಿ ‘ಕಾಲು ತೊಳೆದು ಒಳಗೆ ಬನ್ನಿ’ ಎಂದು ಬೋರ್ಡೂ ಬಂತು.

ಪಕ್ಕದ ಮನೆಯ ಎರ್ರಪ್ಪ ಕಾಲು ತೊಳೆದೇ ಬಂದ. “ಏಮನ್ನಾ ಇದಿ? ಮನುಷ್ಯರಿಗೆ ಫ್ಯಾನಿಲ್ಲ, ಹಲ್ಲಿಗೆ ಊಟಿ ಮಾಡಿಕೊಟ್ಟಿದೀಯ!”

“ಹಲ್ಲಿ ಅಲ್ಲ ಕಣೋ, ನ್ಯೂಟು. ದೂರ ನಿಂತ್ಕೊಂಡು ಮಾತಾಡು.”

ಆಗ ಮಂಚದಿಂದ ಏನೋ ಸದ್ದು. ಇಬ್ಬರೂ ತಿರುಗಿದರು. ಮಂಗಮ್ಮನವರು ನಕ್ಕಿದ್ದರು. ಮುಖದ ಒಂದೇ ಪಕ್ಕ ನಕ್ಕಿತ್ತು.

ಅಂದಿನಿಂದ ಅವರು ಗೋಡೆಯಿಂದ ಈ ಕಡೆ ಹೊರಳಿದರು. ನ್ಯೂಟ್ ಗಾಜಿಗೆ ಅಂಗೈ ಒತ್ತಿದರೆ ಇವರೂ ಹೊರಗಿನಿಂದ ಎಡಗೈ ಬೆರಳು ಒತ್ತುವರು. ಗಂಜಿ ಹೋಗಿ ಮುದ್ದೆ ಬಂತು. ಒಂದು ದಿನ ಬಲಗೈ ಹೆಬ್ಬೆರಳು ಕೂಡ ಅಲ್ಲಾಡಿತು. “ನನ್ನ ಸಾಕಣೆ!” ಎಂದು ವೆಂಕಟರಾಯಪ್ಪನವರು ಊರಿಗೆಲ್ಲ ಹೇಳಿ ಬಂದರು.

ಜೂನ್ ಮೊದಲ ವಾರ ಒಂದು ನ್ಯೂಟ್ ಮಂಕಾಯಿತು. ಮೂತಿಯ ಹತ್ತಿರ ಬೆಳ್ಳಗೆ ಪೊರೆಯಂಥದ್ದು ಎದ್ದಿತ್ತು. ವೆಂಕಟರಾಯಪ್ಪನವರು ಗಾಜಿಗೆ ಮುಖ ಹಚ್ಚಿ ನೋಡಿದರು. ಹುಳು ಬೆಳ್ಳಗಾಗಿ ಸುಣ್ಣದ ಕಡ್ಡಿಯಂತೆ ಸಾಯುವ ಸುಣ್ಣಕಟ್ಟು ರೋಗ ಅವರ ಎರಡು ಬೆಳೆ ನುಂಗಿತ್ತು. ಅದಕ್ಕೆ ಮದ್ದು ಒಂದೇ: ಬ್ಲೀಚಿಂಗ್ ಪೌಡರ್.

ನ್ಯೂಟ್‌ಗಳನ್ನು ಪಾತ್ರೆಗೆ ಹಾಕಿ, ತೊಟ್ಟಿ ಹೊರಗೆ ತಂದು, ಪೌಡರ್ ಹಾಕಿ ತಿಕ್ಕಿದರು. ಕಲ್ಲು, ಗಿಡ ಯಾವುದನ್ನೂ ಬಿಡಲಿಲ್ಲ. ಒಳಗಿನಿಂದ ದಬದಬ ಸದ್ದು: ಮಂಗಮ್ಮನವರು ಎಡಗೈಯಿಂದ ಮಂಚ ಬಡಿಯುತ್ತಿದ್ದರು. ತಲೆ ಅಡ್ಡಡ್ಡ ಆಡುತ್ತಿತ್ತು.

“ಹೆದರ್ಕೋಬೇಡ ಕಣೇ, ನಾನಿದೀನಿ,” ಎಂದು ಕೂಗಿ ಹೇಳಿ, ತೊಟ್ಟಿಯನ್ನು ಮತ್ತೆ ಮಂಚದ ಪಕ್ಕ ಇಟ್ಟು, ಹೊಸ ನೀರು ತುಂಬಿಸಿ ನ್ಯೂಟ್‌ಗಳನ್ನು ಬಿಟ್ಟರು. ಕೊನೆಗೆ, ಯಾವುದಕ್ಕೂ ಇರಲಿ ಎಂದು, ಒಂದು ಚಿಟಿಕೆ ಪೌಡರ್ ನೀರಿಗೂ ಉದುರಿಸಿದರು.

ಮಧ್ಯಾಹ್ನದ ಹೊತ್ತಿಗೆ ಎರಡೂ ಕೆಂಪು ಹೊಟ್ಟೆ ಮೇಲೆ ಮಾಡಿ ತೇಲಿದವು. ಸಾಯಲು ಎಷ್ಟು ಹೊತ್ತು ಹಿಡಿಯಿತೋ ಮಂಗಮ್ಮನವರಿಗೆ ಗೊತ್ತು, ಕಣ್ಣೆದುರೇ ನಡೆದದ್ದು.

ವೆಂಕಟರಾಯಪ್ಪನವರು ನ್ಯೂಟ್ ಹಾಕಿಟ್ಟಿದ್ದ ಪಾತ್ರೆ ತೊಳೆಯಲು ಹೋದಾಗ ತಳದಲ್ಲಿ ತೆಳ್ಳನೆಯದೊಂದು ಕೈಗೆ ಸಿಕ್ಕಿತು. ಬೆಳಕಿಗೆ ಹಿಡಿದರು. ಪೂರ್ತಿ ಚರ್ಮ; ಪುಟ್ಟ ಕೈಗವುಸಿನಂತೆ ಬೆರಳು ಬೆರಳೂ ಇತ್ತು. ರೋಗವಲ್ಲ, ಪೊರೆ ಬಿಟ್ಟಿತ್ತು ಅಷ್ಟೇ. ಒಂದೊಂದು ಬೆಳೆಯಲ್ಲೂ ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುವುದನ್ನು ಆ ಮನೆಯಲ್ಲಿ ನಲವತ್ತು ವರ್ಷ ಬಗ್ಗಿ ನೋಡಿದವರು ಒಬ್ಬರಿದ್ದರು. ಅವರು ಬೆಳಗ್ಗೆ ಮಂಚ ಬಡಿದಿದ್ದರು.

ಸಂಜೆ ತನುಜ ಫೋನ್ ಮಾಡಿದಳು. “ಅದೇ ಕಣಮ್ಮ, ನೀರು ಸ್ವಲ್ಪ...” ಎಂದು ಶುರುಮಾಡಿದ ವೆಂಕಟರಾಯಪ್ಪನವರಿಗೆ ಮಂಚದಿಂದ ನೆಟ್ಟ ಎರಡು ಕಣ್ಣು ಕಂಡವು. “ನಾನೇ ಕೊಂದೆ ಕಣಮ್ಮ,” ಎಂದರು. “ನಿಮ್ಮಮ್ಮ ಬೇಡ ಅಂದ್ಲು. ನಾನು ಕೇಳ್ಲಿಲ್ಲ.”

ಆ ಮಾತಿಗೆ ಮಂಗಮ್ಮನವರು ಕಣ್ಣು ಮುಚ್ಚಿದರು. ಎಡಗೈ ಊರಿಕೊಂಡು, ತುಂಬ ಹೊತ್ತು ಹೆಣಗಿ, ಗೋಡೆ ಕಡೆ ಹೊರಳಿದರು.

ತನುಜ ತಂದ ಬೇರೆ ಜೋಡಿಯನ್ನು ಅವರು ತಿರುಗಿಯೂ ನೋಡಲಿಲ್ಲ. ಅವಳು ಅವನ್ನು ವಾಪಸ್ ಒಯ್ದಳು. ಮುದ್ದೆ ಹೋಗಿ ಗಂಜಿ ಬಂತು, ಆಷಾಢದ ಹೊತ್ತಿಗೆ ಗಂಜಿಯೂ ಒಲ್ಲದಾಯಿತು. ನಡುಮನೆಯ ಪ್ರಶಸ್ತಿಪತ್ರ ಈಗ ಅಟ್ಟದ ಮೇಲಿದೆ. ವೆಂಕಟರಾಯಪ್ಪನವರು ಮಾತ್ರ ಇವತ್ತಿಗೂ ಗಂಟೆಗೊಮ್ಮೆ ಎದ್ದು, ಕಿಟಕಿಯ ಗೋಣಿಗೆ ನೀರು ಚಿಮುಕಿಸಿ, ಹೆಂಡತಿಯ ಬೆನ್ನಿಗೆ ಕೋಣೆಯ ಉಷ್ಣಾಂಶ ಎಷ್ಟೆಂದು ಹೇಳುತ್ತಾರೆ.